ಜೋಡಿ ಹಾಳೆ

ಫೆಬ್ರವರಿ 3, ಸೋಮವಾರ

ಅಪ್ಪ ಹೋಗಿ ಐದು ತಿಂಗಳಾಯಿತು. ಇಷ್ಟು ದಿನ ಈ ನೋಟ್‌ಬುಕ್ಕಿನಲ್ಲಿ ರಟ್ಟಿನ ಅಳತೆ, ದಾರದ ಅಳತೆ ಬಿಟ್ಟು ಬೇರೇನೂ ಬರೆದಿರಲಿಲ್ಲ. ಇವತ್ತು ಬರೆಯದಿದ್ದರೆ ಯಾರಿಗಾದರೂ ಹೊಡೆದುಬಿಡುತ್ತೇನೆ ಅನ್ನಿಸುತ್ತಿದೆ.

ಹೊಸ ಪಾಸ್ಟರ್ ಒಂದು ಪೆಟ್ಟಿಗೆ ಹೊತ್ತುಕೊಂಡು ಅಂಗಡಿಗೆ ಬಂದರು. ಈ ಸಭೆಗೆ ಬಂದು ವರ್ಷವೂ ಆಗಿಲ್ಲ, ಪಾಪ, ಅವರಿಗೆ ಹಳೆಯ ಕಥೆ ಒಂದೂ ಗೊತ್ತಿಲ್ಲ. ಮುಂದಿನ ತಿಂಗಳು ಹದಿನಾರಕ್ಕೆ ಸಭೆಯ ಪ್ರೆಸ್ಸಿಗೆ ನೂರು ವರ್ಷವಂತೆ. ಭಾನುವಾರದ ಆರಾಧನೆಯ ಜೊತೆಗೇ ಸಮಾರಂಭ. ಲೈಬ್ರರಿಯ ಹಳೆಯ ಪುಸ್ತಕಗಳನ್ನು ಮೇಜಿನ ಮೇಲೆ ಜೋಡಿಸಿ ತೋರಿಸಬೇಕು, ಅದಕ್ಕೆ ಬೈಂಡಿಂಗ್ ಸರಿಮಾಡಿಕೊಡಬೇಕು ಅಂದರು. ಪೆಟ್ಟಿಗೆಯ ತಳದಲ್ಲಿ ಪ್ರೆಸ್ ಕಮಿಟಿಯ ನಡಾವಳಿ ಪುಸ್ತಕ ಇತ್ತು. "ಇದು ಮುಖ್ಯ ಅಕ್ಕ. ಹಿರಿಯರು ಇದರಿಂದಾನೇ ಓದ್ತಾರೆ," ಅಂದರು. ಹಿರಿಯರು ಅಂದರೆ ಯಾರು ಅಂತ ಕೇಳುವ ಅಗತ್ಯ ನನಗಿರಲಿಲ್ಲ.

ಹತ್ತೊಂಬತ್ತು ವರ್ಷದ ಹಿಂದೆ ಆ ಪುಸ್ತಕದಿಂದ ಒಂದು ಹಾಳೆ ಕಾಣೆಯಾಯಿತು. ಆಗ ಈ ಹಿರಿಯನೇ ಪ್ರೆಸ್ಸಿನ ಮ್ಯಾನೇಜರ್, ಅಪ್ಪ ಬೈಂಡಿಂಗ್ ಮೇಸ್ತ್ರಿ. ಇಷ್ಟು ನೇರವಾಗಿ ಕತ್ತರಿಸುವುದು ಬೈಂಡರ್ ಕೈಗೆ ಮಾತ್ರ ಬರುತ್ತದೆ ಅಂತ ಅವನು ಕಮಿಟಿಯ ಮುಂದೆ ಹೇಳಿದ. ಅಷ್ಟೇ ಸಾಕಾಯಿತು. ಅಪ್ಪನ ಕೆಲಸ ಹೋಯಿತು. ಭಾನುವಾರ ವಾಕ್ಯ ಓದುವವರ ಪಟ್ಟಿಯಿಂದ ಹೆಸರು ತೆಗೆದರು. ಅಪ್ಪ ಸಾಯುವವರೆಗೂ ಕೊನೆಯ ಬೆಂಚಿನಲ್ಲಿ ಕೂತರು. ಅವನು ಮೊದಲ ಬೆಂಚಿಗೆ ಹೋಗಿ ಸಭೆಯ ಹಿರಿಯನಾದ.

ಪೆಟ್ಟಿಗೆ ಇಳಿಸಿಕೊಂಡೆ. ಮುಂದಿನ ತಿಂಗಳು ಹನ್ನೆರಡನೇ ತಾರೀಕಿಗೆ ಕೊಡುತ್ತೇನೆ ಅಂದೆ. ನಗುನಗುತ್ತಲೇ ಅಂದೆ. ಕರ್ತನೇ, ನನ್ನ ಕೈಗೇ ತಂದುಕೊಟ್ಟೆಯಲ್ಲ, ನಿನಗೆ ಸ್ತೋತ್ರ.

ಫೆಬ್ರವರಿ 4, ಮಂಗಳವಾರ

ಬಿಚ್ಚಿದೆ. ಬೆಳಿಗ್ಗೆ ಅಂಗಡಿಯ ಬಾಗಿಲು ಅರ್ಧ ಮುಚ್ಚಿಕೊಂಡು, ಹೊಲಿಗೆಯನ್ನು ಒಂದೊಂದಾಗಿ ಕತ್ತರಿಸಿದೆ.

ಪುಸ್ತಕದಲ್ಲಿ ಯಾವ ಹಾಳೆಯೂ ಒಂಟಿಯಲ್ಲ. ದೊಡ್ಡ ಹಾಳೆಯನ್ನು ನಡುವೆ ಮಡಿಸಿ ಮಡಿಕೆಯಲ್ಲಿ ಹೊಲಿಯುತ್ತೇವೆ. ಈ ಕಡೆ ಒಂದು ಅರ್ಧ, ಆ ಕಡೆ ಅದರ ಜೋಡಿ. ಒಂದನ್ನು ಮಡಿಕೆಯವರೆಗೂ ಕತ್ತರಿಸಿದರೆ ಜೋಡಿಗೆ ಹಿಡಿತವೇ ಇರುವುದಿಲ್ಲ, ನಾಲ್ಕು ದಿನಕ್ಕೆ ಕಳಚಿ ಬರುತ್ತದೆ. ಅದಕ್ಕೇ ಹಾಳೆ ತೆಗೆಯುವಾಗ ಬೈಂಡರ್ ಆದವನು ಬೆರಳಗಲ ಅಂಚು ಬಿಟ್ಟು ತೆಗೆಯುತ್ತಾನೆ. ನನಗೆ ಎಂಟು ವರ್ಷವಾದಾಗ ಅಪ್ಪ ಕಲಿಸಿದ ಪಾಠ ಇದು. ನಿದ್ದೆಯಲ್ಲಿ ಕತ್ತರಿಸಿದರೂ ಅವರು ಅಂಚು ಬಿಡುತ್ತಿದ್ದರು.

ಇಲ್ಲಿ ಅಂಚು ಇಲ್ಲ. ಮಡಿಕೆಯವರೆಗೂ ಕತ್ತರಿಸಿದ್ದಾರೆ. ಜೋಡಿ ಹಾಳೆ ಬಿದ್ದುಹೋಗಿ, ಯಾರೋ ಗಾಬರಿಯಲ್ಲಿ ಅದನ್ನು ಆಫೀಸಿನ ಗೋಂದಿನಿಂದ ಅಂಟಿಸಿದ್ದಾರೆ. ಗೋಂದು ಕಂದು ಬಣ್ಣಕ್ಕೆ ತಿರುಗಿ ಬಿರುಕು ಬಿಟ್ಟಿದೆ. ಅಪ್ಪ ಜೀವಮಾನದಲ್ಲಿ ಗೋಂದಿನ ಬಾಟಲಿ ಮುಟ್ಟಿದವರಲ್ಲ. ಮೈದಾ ಕುದಿಸಿ, ಹುಳ ಹಿಡಿಯದಿರಲಿ ಅಂತ ಚಿಟಿಕೆ ಮೈಲುತುತ್ತ ಹಾಕಿದ ಅಂಟೇ ಆಗಬೇಕಿತ್ತು ಅವರಿಗೆ.

ಇದು ಮೇಜಿನ ಹಿಂದೆ ಕೂತವನ ಕೆಲಸ, ಸಂಶಯವೇ ಇಲ್ಲ. ಇಷ್ಟು ಸುಲಭದ ಸಾಕ್ಷಿ. ಪುಸ್ತಕ ಬಿಚ್ಚಿ ನೋಡಿ ಅಂತ ಅಪ್ಪ ಆವತ್ತೇ ಯಾಕೆ ಕೇಳಲಿಲ್ಲವೋ. ಸಾಧು ಮನುಷ್ಯ. ಸಾಧುಗಳ ತಲೆಯ ಮೇಲೇ ತಾನೇ ಎಲ್ಲರೂ ಕೂರುವುದು.

ಫೆಬ್ರವರಿ 9, ಭಾನುವಾರ

ಆರಾಧನೆಯಲ್ಲಿ ಅವನ ಕತ್ತಿನ ಹಿಂಭಾಗ ನೋಡುತ್ತಾ ಕೂತಿದ್ದೆ. ಕೂದಲೆಲ್ಲ ಉದುರಿ, ಚರ್ಮ ಸುಕ್ಕಾಗಿದೆ. ಎಪ್ಪತ್ತೆಂಟಂತೆ. ಇನ್ನೊಂದು ತಿಂಗಳು ಗಟ್ಟಿಯಾಗಿರಲಿ ಅಂತ ಪ್ರಾರ್ಥಿಸಿದೆ. ಇಷ್ಟು ಮನಸ್ಸಿಟ್ಟು ಅವನಿಗಾಗಿ ಅವನ ಮಕ್ಕಳೂ ಪ್ರಾರ್ಥಿಸಿರಲಾರರು.

ಎಲ್ಲರೂ ಒಬ್ಬರಿಗೊಬ್ಬರು ಶಾಂತಿ ಹೇಳಿ ಕೈಕುಲುಕುವಾಗ ನನ್ನ ಹತ್ತಿರವೂ ಬಂದ. ಕೈ ಕೊಟ್ಟೆ.

ಫೆಬ್ರವರಿ 14, ಶುಕ್ರವಾರ

ಪೆಟ್ಟಿಗೆಯಲ್ಲಿ ಬಂದರಿನ ಪಾದ್ರಿಯ ಕಥೆಯ ಪುಸ್ತಕ ಸಿಕ್ಕಿತು. ನನ್ನ ಹನ್ನೊಂದನೇ ವಯಸ್ಸಿನ ನಂತರ ಇವತ್ತೇ ಕಂಡದ್ದು.

ನಮ್ಮ ಮನೆಯಲ್ಲಿ ಸ್ವಂತದ ಪುಸ್ತಕ ಇರಲಿಲ್ಲ. ಆದರೂ ನಮ್ಮಷ್ಟು ಓದಿದವರು ಆ ಬೀದಿಯಲ್ಲಿ ಯಾರೂ ಇರಲಿಲ್ಲ. ಪ್ರೆಸ್ಸಿನಲ್ಲಿ ಕೆಲಸ ಮುಗಿಯದಿದ್ದರೆ ಅಪ್ಪ ಹೊಲಿಯಬೇಕಾದ ಫಾರಂಗಳನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತರುತ್ತಿದ್ದರು. ಫಾರಂ ಅಂದರೆ ಒಂದೇ ದೊಡ್ಡ ಹಾಳೆ ಮಡಿಸಿದ ಹದಿನಾರು ಪುಟದ ಕಂತೆ. ಕೈ ತೊಳೆದುಕೊಂಡರೆ ಓದಲು ಬಿಡುತ್ತಿದ್ದರು. ಮೊದಲಿಲ್ಲ, ಕೊನೆಯಿಲ್ಲ, ಆವತ್ತು ಬಂದ ಹದಿನಾರು ಪುಟವೇ ನಮ್ಮ ಪಾಲಿಗೆ ಪುಸ್ತಕ. ಕುಷ್ಠರೋಗಿಗಳ ಆಸ್ಪತ್ರೆಯಿಂದ ಒಬ್ಬ ಸಿಸ್ಟರ್ ತನ್ನ ಅಣ್ಣನಿಗೆ ಬರೆದ ಪತ್ರಗಳನ್ನು ಓದಿ ನಾನು ಪ್ರಾರ್ಥನೆ ಕಲಿತೆ. ಸಂಡೇ ಸ್ಕೂಲಿನ ಟೀಚರ್ ಆ ಕೀರ್ತಿ ತನ್ನದೇ ಅಂದುಕೊಂಡಿದ್ದಳು. ನ್ಯಾಯ ಅಂದರೆ ಏನು ಅಂತ ಗೊತ್ತಾದದ್ದು ಮಾತ್ರ ಈ ಬಂದರಿನ ಪಾದ್ರಿಯಿಂದ. ಕೊಳೆತ ಹಡಗಿನಲ್ಲಿ ಆಳುಗಳನ್ನು ಸಮುದ್ರಕ್ಕೆ ಕಳಿಸಿ ಮುಳುಗಿಸಿದ ಮಾಲೀಕ ಚರ್ಚಿನ ಮೊದಲ ಬೆಂಚಿನಲ್ಲಿ ಕೂತಿರುತ್ತಾನೆ. ಪಾದ್ರಿ ಪ್ರಸಂಗ ನಿಲ್ಲಿಸಿ, ಬೆರಳು ತೋರಿಸಿ, ಅವನನ್ನು ಹೆಸರು ಹಿಡಿದು ಕರೆಯುತ್ತಾನೆ. ಮಾಲೀಕನ ಮುಖದ ಬಣ್ಣ ಹೋಗುವುದು ಎರಡು ಪುಟ ಇದೆ. ಏಳನೇ ಫಾರಂ. ಅದನ್ನು ಓದಿದ ದಿನ ನನಗೆ ಜ್ವರ ಬಂದಿತ್ತು. ದೇವರು ಇರುವುದು ಹೀಗೇ ಅಂತ ಆವತ್ತೇ ತೀರ್ಮಾನ ಮಾಡಿಬಿಟ್ಟೆ.

ಇವತ್ತು ಮತ್ತೆ ಓದಿದೆ. ಒಂದಕ್ಷರವೂ ಮಾಸಿಲ್ಲ.

ನನ್ನ ಉಪಾಯ ಹೀಗಿದೆ. ಪುಸ್ತಕ ತಾನಾಗಿ ಎಲ್ಲಿ ತೆರೆದುಕೊಳ್ಳಬೇಕು ಅನ್ನುವುದು ಬೈಂಡರ್ ಕೈಯಲ್ಲಿರುತ್ತದೆ. ಬೇಕಾದ ಜಾಗದಲ್ಲಿ ಬೆನ್ನನ್ನು ನಾಲ್ಕೈದು ಸಲ ಒತ್ತಿ ಪಳಗಿಸಿದರೆ ಆಯಿತು, ಯಾರು ತೆರೆದರೂ ಅಲ್ಲೇ ಬೀಳುತ್ತದೆ. ಹದಿನಾರನೇ ತಾರೀಕು ಅವನು ಸಭೆಯ ಮುಂದೆ ನಿಂತು ಪುಸ್ತಕ ತೆರೆಯುತ್ತಾನೆ. ಅವನು ಕತ್ತರಿಸಿದ ಜಾಗವೇ ಬಾಯಿ ತೆರೆದುಕೊಳ್ಳುತ್ತದೆ. ಅಲ್ಲಿ ನನ್ನ ಕೈಬರಹದ ಒಂದು ಹಾಳೆ ಇರುತ್ತದೆ. ಅವನು ಓದುತ್ತಾನೋ, ತಡವರಿಸುತ್ತಾನೋ, ಕುಸಿದು ಬೀಳುತ್ತಾನೋ ನೋಡೋಣ. ಅವನು ಬಾಯಿ ಬಿಡದಿದ್ದರೆ ನಾನೇ ಎದ್ದು ಬೆರಳು ತೋರಿಸುತ್ತೇನೆ.

ಫೆಬ್ರವರಿ 20, ಗುರುವಾರ

ಬಂದರಿನ ಪಾದ್ರಿಯನ್ನು ಮೊದಲಿನಿಂದ ಓದೋಣ ಅಂತ ಹೊರಟೆ. ಬೇಜಾರು. ಮೊದಲ ಆರು ಫಾರಂ ಈ ಮನುಷ್ಯ ಮನೆಮನೆ ಸುತ್ತುತ್ತಾನೆ, ಅಷ್ಟೇ. ಮುಳುಗಿದವರ ಹೆಂಡಿರ ಎದುರು ಸ್ಟೂಲಿನ ಮೇಲೆ ಕೂತು, ಗಂಡನ ಹೆಸರೇನು, ಹೊರಡುವಾಗ ಏನಂದ, ಯಾವ ಅಂಗಿ ಹಾಕಿದ್ದ ಅಂತ ಕೇಳಿ ಬರೆದುಕೊಳ್ಳುತ್ತಾನೆ. ಎಂಟು ತಿಂಗಳು ಇದೇ ಕೆಲಸ. ಯಾವಾಗಪ್ಪಾ ಜಗಳ ಶುರು ಮಾಡುತ್ತೀಯಾ ಅಂತ ಪುಟ ಹಾರಿಸಿದೆ.

ಅಮ್ಮನಿಗೆ ನಡಾವಳಿ ಪುಸ್ತಕ ಬಂದಿರುವುದನ್ನು ಹೇಳಿದೆ. ಸಂತೋಷಪಡುತ್ತಾಳೆ ಅಂದುಕೊಂಡಿದ್ದೆ. ಬಟ್ಟೆ ಮಡಿಸುತ್ತಿದ್ದವಳು ತಲೆ ಎತ್ತದೆ, ಹೊಲಿದು ಕೊಟ್ಟುಬಿಡು ಅಂದಳು.

ಫೆಬ್ರವರಿ 26, ಬುಧವಾರ

ಅವನೇ ಬಂದ.

ಮಧ್ಯಾಹ್ನ ಮೂರು ಗಂಟೆ. ನಾನು ದಾರಕ್ಕೆ ಮೇಣ ಹಚ್ಚುತ್ತಿದ್ದೆ. ಮೆಟ್ಟಿಲು ಹತ್ತಲು ಕಷ್ಟಪಡುತ್ತಿದ್ದ, ನಾನು ಎದ್ದು ಕೈ ಹಿಡಿಯಲಿಲ್ಲ. ಅಪ್ಪನ ಸ್ಟೂಲಿನ ಮೇಲೆ ಕೂರಲು ಹೋದಾಗ ಮಾತ್ರ, ಅದು ಬೇಡ, ಬೆಂಚಿನ ಮೇಲೆ ಕೂತ್ಕೊಳ್ಳಿ ಅಂದೆ. ಕೂತು, ಮೇಜಿನ ಮೇಲೆ ಬಿಚ್ಚಿಟ್ಟಿದ್ದ ನಡಾವಳಿಯ ಫಾರಂಗಳನ್ನು ನೋಡಿದ. ಪುಸ್ತಕ ನನ್ನ ಹತ್ತಿರ ಇದೆ ಅಂತ ಪಾಸ್ಟರ್ ಹೇಳಿದ ದಿನದಿಂದ ಊಟ ಸೇರುತ್ತಿಲ್ಲವಂತೆ. ಒಳ್ಳೆಯದಾಯಿತು ಅಂದುಕೊಂಡೆ.

"ನೋಡಿದ್ಯಾ?" ಅಂದ.

"ನೋಡಿದೆ."

"ನಾನೇ ಕತ್ತರಿಸಿದ್ದು. ಬ್ಲೇಡಿನಲ್ಲಿ."

ಹತ್ತೊಂಬತ್ತು ವರ್ಷ ಕಾದ ಮಾತು ಒಂದು ಕೆಮ್ಮಿನ ಜೊತೆ ಹೊರಗೆ ಬಂತು. ನಾನು ಎಷ್ಟೊಂದು ವಾದ ತಯಾರು ಮಾಡಿಟ್ಟುಕೊಂಡಿದ್ದೆ, ಒಂದೂ ಬೇಕಾಗಲಿಲ್ಲ. ಅದಕ್ಕೇ ಇನ್ನೂ ಸಿಟ್ಟು ಬಂತು. ಪಾಸ್ಟರ್ ಹತ್ತಿರ ಒಬ್ಬನೇ ಹೋಗಿ ಒಪ್ಪಿಕೊಳ್ಳುತ್ತೇನೆ ಅಂದ. ಆಗುವುದಿಲ್ಲ ಅಂದೆ. ಅಪ್ಪನ ಮರ್ಯಾದೆ ಹೋದದ್ದು ಎಲ್ಲರ ಮುಂದೆ, ಬರುವುದೂ ಎಲ್ಲರ ಮುಂದೆ. ಹದಿನಾರನೇ ತಾರೀಕು ನಿಂತು ಓದಬೇಕು. ಅವನು ಎರಡು ಸಲ ಕನ್ನಡಕ ತೆಗೆದು ಹಾಕಿಕೊಂಡ. ಕಣ್ಣು ತುಂಬ ನೋಡಿದೆ.

ಆಮೇಲೆ ಕೇಳಿದ, "ಆ ಹಾಳೇಲಿ ಏನಿತ್ತು ಅಂತ ಗೊತ್ತಾ ನಿನಗೆ?"

ಗೊತ್ತು ಅಂದೆ. ಮಡಿಸುವ ವಿಭಾಗದ ಹಾಡಕ್ಕನ ದೂರು. ಕಟಿಂಗ್ ಮಷಿನ್ನಿಗೆ ಅವರ ಬೆರಳು ಹೋಗಿತ್ತು. ಪ್ರೆಸ್ಸಿಗೆ ಕೆಟ್ಟ ಹೆಸರು ಬರುತ್ತದೆ ಅಂತ ನೀವು ಕತ್ತರಿಸಿದಿರಿ.

"ಹೌದು. ದೂರು ಯಾರ ಮೇಲೆ?"

"ಪ್ರೆಸ್ಸಿನ ಮೇಲೆ."

ಅವನು ಎದ್ದ. ಬಾಗಿಲ ಹತ್ತಿರ ನಿಂತು, "ಅವಳನ್ನೇ ಕೇಳಮ್ಮ. ಆಮೇಲೂ ಓದು ಅಂದ್ರೆ ಓದ್ತೀನಿ," ಅಂದ.

ಕಿಲಾಡಿ ಮುದುಕ. ನನ್ನ ಕಣ್ಣಿಗೆ ಮಣ್ಣೆರಚಲು ನೋಡುತ್ತಿದ್ದಾನೆ.

ಫೆಬ್ರವರಿ 27, ಗುರುವಾರ

ಹಾಡಕ್ಕನ ಮುಖವೇ ನೆನಪಾಗುತ್ತಿಲ್ಲ. ಕಾಗದ ಮಡಿಸುತ್ತಾ ಕೀರ್ತನೆ ಹಾಡುತ್ತಿದ್ದರು, ಅದಕ್ಕೆ ಆ ಹೆಸರು, ಅಷ್ಟೇ ಗೊತ್ತು. ಹತ್ತೊಂಬತ್ತು ವರ್ಷದಲ್ಲಿ ನಮ್ಮ ಮನೆಯಲ್ಲಿ ಆ ಹಾಳೆಯ ಮಾತು ಬರದ ದಿನವಿಲ್ಲ, ಅವರ ಮಾತು ಒಂದು ದಿನವೂ ಬಂದಿಲ್ಲ. ಬಿಟ್ಟಿದ್ದ ಆರು ಫಾರಂ ಇವತ್ತು ಓದಿದೆ. ಸ್ಟೂಲು, ಅಂಗಿ, ಹೆಸರು, ಮತ್ತೆ ಸ್ಟೂಲು. ಒಂದು ಮನೆಯಲ್ಲಿ ಹೆಂಗಸು ಪಾದ್ರಿಯನ್ನು ಮೂರು ಸಲ ಹೊರಗೆ ಹಾಕುತ್ತಾಳೆ. ಅವನು ನಾಲ್ಕನೇ ಸಲ ಹೋಗುತ್ತಾನೆ.

ಮಾರ್ಚ್ 1, ಶನಿವಾರ

ಹಾಡಕ್ಕನ ವಿಳಾಸ ಹುಡುಕಿ ಹೋದೆ. ಬಸ್ ಡಿಪೋ ಹಿಂದಿನ ಬೀದಿ, ಎರಡನೇ ಮಹಡಿ, ಒಂದೇ ಕೋಣೆ. ಅವರ ಮಗಳು ಕೆಲಸಕ್ಕೆ ಹೋಗಿದ್ದಳು. ಮೇಸ್ತ್ರಿ ಮಗಳು ಅಂದ ತಕ್ಷಣ ಬಾಗಿಲು ಮುಚ್ಚಲು ಹೋದರು. ಅಪ್ಪ ತೀರಿಕೊಂಡರು ಅಂದೆ. ಗೊತ್ತು ಅಂದರು. ಆಮೇಲೆ ಏನನ್ನಿಸಿತೋ, ಒಳಗೆ ಬಾ ಅಂದರು.

ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಇವೆ. ಆ ಕೈಯಲ್ಲೇ ಲೋಟ ಹಿಡಿದು ನೀರು ಕೊಟ್ಟರು. ನಾನು ಆ ಕೈ ನೋಡದಿರಲು ಪ್ರಯತ್ನ ಮಾಡಿದೆ. ನೋಡು, ಪರವಾಗಿಲ್ಲ ಅಂದರು.

ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯುತ್ತೇನೆ. "ಕಟಿಂಗ್ ಮಷಿನ್ ಮುಂದೆ ಒಂದು ತಡೆಪಟ್ಟಿ ಇತ್ತು, ಕೈ ಒಳಗೆ ಹೋಗದ ಹಾಗೆ. ಅದಿದ್ರೆ ಕೆಲಸ ನಿಧಾನ ಆಗ್ತಿತ್ತು. ಕೀರ್ತನೆ ಪುಸ್ತಕ ವಾರದೊಳಗೆ ಮುಗಿಸಬೇಕು ಅಂತ ಮ್ಯಾನೇಜರ್ ತಲೆ ತಿಂತಿದ್ರು. ನಿಮ್ಮಪ್ಪ ಅದನ್ನ ಬಿಚ್ಚಿ ಪಕ್ಕಕ್ಕಿಟ್ರು. ಕತ್ತರಿಸೋ ಆಳು ಬಂದಿರಲಿಲ್ಲ, ನನ್ನ ಕೂರಿಸಿದ್ರು. ನನಗೆ ಭಯ ಆಗುತ್ತೆ ಮೇಸ್ತ್ರಿ ಅಂದೆ. ಪ್ರಾರ್ಥನೆ ಮಾಡ್ಕೊಂಡು ಕೂತ್ಕೊ ಅಂದ್ರು. ಮಾಡ್ಕೊಂಡೇ ಕೂತೆ."

ಕಮಿಟಿಯ ಮುಂದೆ ಅವರು ಹೇಳಿದ್ದು ಇದೇ. ಬರೆದುಕೊಂಡದ್ದೂ ಇದೇ. ಆಮೇಲೆ ಹಾಳೆಯೇ ಇಲ್ಲ ಅಂದ ಮೇಲೆ ದೂರೂ ಇಲ್ಲ ಅಂದರಂತೆ. ಯಾರು ಕತ್ತರಿಸಿದರು ಅನ್ನುವ ಜಗಳದಲ್ಲಿ ಅವರ ಕೈಯನ್ನು ಎಲ್ಲರೂ ಮರೆತರು.

ಬಸ್ಸಿನಲ್ಲಿ ಬರುವಾಗ ನಾನು ಇಳಿಯಬೇಕಾದ ಜಾಗ ದಾಟಿ ಎರಡು ಸ್ಟಾಪ್ ಮುಂದೆ ಹೋಗಿದ್ದೆ.

ಮಾರ್ಚ್ 3, ಸೋಮವಾರ

ಸುಳ್ಳು. ಮುದುಕ ಹೇಳಿಕೊಟ್ಟಿರುತ್ತಾನೆ.

ಮಾರ್ಚ್ 5, ಬುಧವಾರ

ಸುಳ್ಳಲ್ಲ. ಅಮ್ಮನಿಗೆ ಗೊತ್ತಿತ್ತು.

ಅಪ್ಪ ನಮ್ಮ ಅಂಗಡಿಗೆ ಕಟಿಂಗ್ ಮಷಿನ್ ಯಾಕೆ ತರಲಿಲ್ಲ ಅಂತ ಕೇಳಿದೆ, ಅಷ್ಟೇ. ಅದು ಕೈಕೆಲಸದ ಹೆಮ್ಮೆ ಅಂತ ನಾನು ಗಿರಾಕಿಗಳಿಗೆಲ್ಲ ಕೊಚ್ಚಿಕೊಳ್ಳುತ್ತಿದ್ದೆ. ಅಮ್ಮ ಮಂಚದ ಮೇಲೆ ಕೂತು, ಆ ಸದ್ದು ಕೇಳಿದರೆ ಅವರಿಗೆ ವಾಂತಿ ಬರುತ್ತಿತ್ತು ಅಂದಳು. ಪುಸ್ತಕ ಬಿಚ್ಚಿ ತೋರಿಸಿ ಅಂತ ಅವಳೇ ಎಷ್ಟೋ ಸಲ ಹೇಳಿದ್ದಳಂತೆ. ಬೇಡ, ಹಾಳೆಯ ಮಾತು ಎದ್ದರೆ ಹಾಳೆಯಲ್ಲಿ ಇದ್ದದ್ದೂ ಏಳುತ್ತೆ ಅಂದರಂತೆ.

"ಮಾಡದ ತಪ್ಪಿಗೆ ಶಿಕ್ಷೆ ತಗೊಂಡ್ರೆ ಮಾಡಿದ್ದು ತೀರುತ್ತೆ ಅಂದ್ಕೊಂಡಿದ್ರು ಕಣೇ. ತೀರಲಿಲ್ಲ," ಅಂದಳು.

ಕೊನೆಯ ಬೆಂಚಿನಲ್ಲಿ ಕೂತು ಕಣ್ಣು ಮುಚ್ಚಿಕೊಳ್ಳುತ್ತಿದ್ದ ಅಪ್ಪನನ್ನು ನಾನು ಹುತಾತ್ಮ ಅಂದುಕೊಂಡಿದ್ದೆ. ಎರಡು ಸಲ ಹಾಡಕ್ಕನ ಮನೆಯ ತನಕ ಹೋಗಿದ್ದರೂ ಸಾಕಿತ್ತಲ್ಲ. ಎಷ್ಟೆಲ್ಲ ಪುಸ್ತಕ ಹೊಲಿದ, ಓದಿದ, ನಮಗೂ ಓದಿಸಿದ. ಒಂದು ಬಸ್ ಹತ್ತಲು ಆಗಲಿಲ್ಲ ಅವನಿಗೆ.

ಪುಸ್ತಕ ಇದ್ದ ಹಾಗೇ ಹೊಲಿದು ಕೊಟ್ಟುಬಿಡುತ್ತೇನೆ. ಎಲ್ಲರೂ ಹಾಳಾಗಿ ಹೋಗಲಿ.

ಮಾರ್ಚ್ 8, ಶನಿವಾರ

ಹೊಲಿಯಲು ಕೂತೆ. ಜೋಡಿ ಕಳೆದುಕೊಂಡ ಆ ಹಾಳೆ ಎಲ್ಲಿಗೂ ಸೇರುತ್ತಿಲ್ಲ. ಹಿಡಿತ ಕೊಡಲು ಇನ್ನೊಂದು ಅರ್ಧ ಬೇಕೇ ಬೇಕು. ಖಾಲಿ ಹಾಳೆ ಹಾಕಬಹುದು, ಯಾರೂ ಕೇಳುವುದಿಲ್ಲ. ಅಳತೆಗೆ ಕತ್ತರಿಸಿಯೂ ಇಟ್ಟೆ.

ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಬಸ್ ಡಿಪೋ ಹಿಂದಿನ ಬೀದಿಗೆ ಹೋದೆ. ಕ್ಷಮೆ ಕೇಳೋಣ ಅಂತ ಬಾಯಿ ತೆರೆದೆ. ಹಾಡಕ್ಕ ಕೈ ಅಡ್ಡ ಹಿಡಿದರು.

"ನಿನ್ನ ಕ್ಷಮೆ ಇಟ್ಕೊಂಡು ನಾನೇನು ಮಾಡ್ಲಿ? ನೀನೇನು ಮಾಡಿದ್ಯಾ? ನನ್ನ ಹಾಳೆ ನನಗೆ ವಾಪಸ್ ಬೇಕು. ಬರ್ಕೊ."

ಅವರು ಹೇಳಿದರು, ನಾನು ಬರೆದೆ. ಎರಡು ಕಡೆ ನಿಲ್ಲಿಸಿ, ಹಾಗಲ್ಲ, ನಾನಂದ ಹಾಗೇ ಬರಿ ಅಂದರು. ಅಪ್ಪನ ಹೆಸರು ಬಂದಾಗ ನಾನು "ಮೇಸ್ತ್ರಿ" ಅಂತ ಬರೆದೆ. ಬಗ್ಗಿ ನೋಡಿ, ಪೂರ್ತಿ ಹೆಸರು ಬರಿ, ಮೇಸ್ತ್ರಿಗಳು ಬೇಕಾದಷ್ಟು ಜನ ಇದ್ರು ಅಂದರು. ಬರೆದೆ. ಪ್ರಾರ್ಥನೆ ಮಾಡ್ಕೊಂಡು ಕೂತ್ಕೊ ಅಂದದ್ದನ್ನೂ ಬರೆದೆ. ಕೆಳಗೆ, ಮ್ಯಾನೇಜರ್ ಮಾತಾಗಿ, ಹಾಳೆ ಕತ್ತರಿಸಿದವರು ಯಾರು, ಯಾರಲ್ಲ ಅನ್ನುವುದು ಎರಡು ಸಾಲು. ಮುಗಿದ ಮೇಲೆ ಎಡಗೈಯಲ್ಲಿ ಸಹಿ ಮಾಡಿದರು. ತುಂಬ ಹೊತ್ತು ಹಿಡಿಯಿತು.

ಮಾರ್ಚ್ 11, ಮಂಗಳವಾರ

ಹೊಲಿದಾಯಿತು. ಹಾಳೆ ಗಟ್ಟಿಯಾಗಿ ಕೂತಿದೆ. ಬೆನ್ನನ್ನು ಅಲ್ಲೇ ಪಳಗಿಸಿದ್ದೇನೆ.

ಮ್ಯಾನೇಜರ್ ಮನೆಗೆ ತೆಗೆದುಕೊಂಡು ಹೋದೆ. ಕಿಟಕಿಯ ಹತ್ತಿರ ಹೋಗಿ ಎರಡು ಸಲ ಓದಿದರು. ಅವರ ಬೆವರು ನೋಡಬೇಕು ಅಂತ ಹೋಗಿದ್ದೆ, ನೋಡಿದೆ. ನಿಮ್ಮಮ್ಮನಿಗೆ ಗೊತ್ತಾ ಅಂತ ಕೇಳಿದರು. ಗೊತ್ತು ಅಂದೆ. ನಿಂತು ಓದಲು ಆಗುತ್ತದೋ ಇಲ್ಲವೋ, ಒಂದು ಕುರ್ಚಿ ಹಾಕಿಸು ಅಂದರು. ಕುರ್ಚಿ ಕೊಡುವುದಿಲ್ಲ, ನಿಂತೇ ಓದಬೇಕು ಅಂದೆ. ನಾನು ಇನ್ನೂ ಅಷ್ಟು ಒಳ್ಳೆಯವಳಾಗಿಲ್ಲ.

ಪಾಸ್ಟರಿಗೆ ಹೇಳಿಲ್ಲ. ಹೇಳಿದರೆ ಅವರು ಕಮಿಟಿಗೆ ಹೇಳುತ್ತಾರೆ, ಕಮಿಟಿ ಒಂದು ಉಪಸಮಿತಿ ಮಾಡುತ್ತದೆ, ಉಪಸಮಿತಿ ವರದಿ ಕೊಡುವ ಹೊತ್ತಿಗೆ ನಾವೆಲ್ಲ ಸ್ವರ್ಗದಲ್ಲಿರುತ್ತೇವೆ.

ಮಾರ್ಚ್ 16, ಭಾನುವಾರ

ಚರ್ಚು ತುಂಬಿತ್ತು. ಹಾಡಕ್ಕ ಬಂದರು. ಮೂರನೇ ಸಾಲಿನಲ್ಲಿ ನಾನು, ನನ್ನ ಎಡಗಡೆ ಅಮ್ಮ, ಬಲಗಡೆ ಅವರು. ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡಿರಲಿಲ್ಲ.

ಹಿರಿಯರನ್ನು ಕರೆದರು. ಚಪ್ಪಾಳೆ. ಪುಸ್ತಕ ತೆರೆದರು, ಅದು ತೆರೆದುಕೊಳ್ಳಬೇಕಾದಲ್ಲೇ ತೆರೆದುಕೊಂಡಿತು. ಸ್ಥಾಪಕರ ಬಗ್ಗೆ, ಮೊದಲ ಮಷಿನ್ನಿನ ಬಗ್ಗೆ ಏನೋ ಓದುತ್ತಾರೆ ಅಂತ ಜನ ಕಾಯುತ್ತಿದ್ದರು. ಅವರು ಮೊದಲು ಕೊನೆಯ ಎರಡು ಸಾಲು ಓದಿದರು. "ಇಲ್ಲಿದ್ದ ಹಾಳೆಯನ್ನು ಕತ್ತರಿಸಿದವನು ಆಗಿನ ಮ್ಯಾನೇಜರ್ ಆದ ನಾನು. ಬೈಂಡಿಂಗ್ ಮೇಸ್ತ್ರಿ ಕತ್ತರಿಸಲಿಲ್ಲ." ತಮ್ಮ ಹೆಸರು ಹೇಳಿದರು. ಯಾರೋ ಕೆಮ್ಮಿದರು. ಅಮ್ಮ ನನ್ನ ಕೈ ಹಿಡಿದುಕೊಂಡಳು. ಹತ್ತೊಂಬತ್ತು ವರ್ಷ ನಾನು ಬೇಡಿದ್ದು ಅದೇ, ಅಷ್ಟೂ ಸಿಕ್ಕಿಬಿಟ್ಟಿತು. ಜನ ತಿರುಗಿ ತಿರುಗಿ ನಮ್ಮನ್ನು ನೋಡುತ್ತಿದ್ದರು, ಆ ನೋಟದಲ್ಲಿ ಗೌರವ ಇತ್ತು. ಮೈಗೆ ಹಿತವಾಗಿತ್ತು, ಸುಳ್ಳು ಯಾಕೆ ಹೇಳಲಿ.

ಆಮೇಲೆ ಅವರು ಹಾಡಕ್ಕನ ಮಾತನ್ನು ಮೇಲಿನಿಂದ ಶುರು ಮಾಡಿದರು. ಮಷಿನ್ನು, ಕೀರ್ತನೆ ಪುಸ್ತಕ, ಮ್ಯಾನೇಜರ್ ಮಾಡಿದ ಅವಸರ, ಎಲ್ಲ ಓದಿದರು. "ತಡೆಪಟ್ಟಿಯನ್ನು ಬಿಚ್ಚಿ ಪಕ್ಕಕ್ಕೆ ಇಡಲಾಗಿತ್ತು," ಅಂತ ಓದಿ, ಬೆರಳನ್ನು ಕೆಳಗಿನ ಸಾಲಿಗೆ ಜಾರಿಸಿ, "ನನ್ನ ಬಲಗೈಯ ಮೂರು ಬೆರಳು ಹೋದವು," ಅಂತ ಮುಂದಕ್ಕೆ ಹೋದರು.

ಅಪ್ಪನ ಹೆಸರನ್ನು ಬಿಟ್ಟರು. ಭಯ ಅಂದದ್ದು, ಪ್ರಾರ್ಥನೆ ಅಂದದ್ದು, ಎಲ್ಲವನ್ನೂ ಬಿಟ್ಟರು. ನನಗೋಸ್ಕರ ಬಿಟ್ಟದ್ದು. ನನ್ನ ಕಡೆ ನೋಡಿ, ಆಯಿತಲ್ಲ ಅನ್ನುವ ಹಾಗೆ ಕಣ್ಣು ಇಳಿಸಿದರು. ಅಮ್ಮನ ಹಿಡಿತ ಬಿಗಿಯಾಯಿತು. ಹಾಡಕ್ಕ ನನ್ನ ಕಡೆ ತಿರುಗಲಿಲ್ಲ. ತಿರುಗಿ ದುರುಗುಟ್ಟಿದ್ದರೆ ನಾನೂ ಹಟಕ್ಕೆ ಬಿದ್ದು ಸುಮ್ಮನೆ ಕೂತಿರುತ್ತಿದ್ದೆನೇನೋ. ಅವರು ಸುಮ್ಮನೆ ಮುಂದೆ ನೋಡುತ್ತಾ ಕೂತಿದ್ದರು, ಇದೇನೂ ಹೊಸದಲ್ಲ ಅನ್ನುವ ಹಾಗೆ.

ಅಮ್ಮನ ಕೈ ಬಿಡಿಸಿಕೊಂಡು ಎದ್ದೆ.

"ಒಂದು ಸಾಲು ಬಿಟ್ಟಿರಿ," ಅಂದೆ.

ಅವರು ಬೇಡ ಅನ್ನುವ ಹಾಗೆ ತಲೆ ಅಲ್ಲಾಡಿಸಿದರು. "ಮಗಳೇ, ಕೂತ್ಕೊ," ಅಂದರು.

"ನಮ್ಮಪ್ಪನ ಹೆಸರಿರೋ ಸಾಲು. ಓದಿ."

ಕನ್ನಡಕ ಸರಿಮಾಡಿಕೊಂಡು, ಬೆರಳನ್ನು ಆ ಸಾಲಿಗೆ ತಂದು, ಓದಿದರು. ಹೆಸರು ಪೂರ್ತಿ ಓದಿದರು. ಮುಗಿಯುವವರೆಗೂ ನಾನು ನಿಂತೇ ಇದ್ದೆ.